ಹದಿನೆಂಟು ಗ್ರಾಮಿನ ವೈನಿ

ಮನೆಗೆ ಬಂದವರನ್ನು ಒಂದು ಕಪ್ ಕಾಫಿಗಾಗಿ ನಲವತ್ತು ನಿಮಿಷ ಕಾಯಿಸಿ, ಕಾಫಿ ತಯಾರಾದ ಮೇಲೆ ಮೊದಲ ಗುಟುಕನ್ನು ತಾವೇ ಕುಡಿದು, ಮುಖ ಕಿವುಚಿ, ಉಳಿದದ್ದನ್ನು ಸಿಂಕಿಗೆ ಸುರಿದು, ಹಾಗೆಯೇ ಇನ್ನೆರಡು ಕಪ್ ಸುರಿದು, ಕೊನೆಗೆ "ಇವತ್ತ ಕಾಫಿ ಕೊಡೂವಂಗಿಲ್ಲರಿ, ಚಹಾ ಮಾಡಲೇನು?" ಎಂದು ಕೇಳುವ ಗೃಹಿಣಿ ಇಡೀ ಟೆಕ್ಸಸ್ಸಿನಲ್ಲಿ ಒಬ್ಬರೇ ಇರಬೇಕು. ಅವರು ನಮ್ಮ ವೈನಿ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಬೆಂಗಳೂರಿನವರು ಅತ್ತಿಗೆ ಎನ್ನುವುದನ್ನು ಹುಬ್ಬಳ್ಳಿಯ ನಾವು ವೈನಿ ಎನ್ನುತ್ತೇವೆ. ಅಣ್ಣ, ವೈನಿ ಮತ್ತು ಅವರ ಹದಿಮೂರು ವರ್ಷದ ಮಗಳು ಡಲ್ಲಾಸ್ ಪಕ್ಕದ ಕಾಪೆಲ್‌ನಲ್ಲಿದ್ದಾರೆ. ಅಣ್ಣ ವಿಮಾನಗಳ ಬಿಡಿಭಾಗ ಇಡುವ ಗೋದಾಮಿನಲ್ಲಿ ಮ್ಯಾನೇಜರು. ದಿನಕ್ಕೆ ನಾಲ್ಕು ಕಪ್ ಚಹಾ, ಹೆಚ್ಚೆಂದರೆ ಹದಿನಾಲ್ಕು ಮಾತು, ಅವನ ಲೆಕ್ಕ ಅಷ್ಟಕ್ಕೇ ಮುಗಿಯುತ್ತದೆ. ವೈನಿಯದು ಸ್ವಂತ ಔಷಧಿ ಅಂಗಡಿ. ದಿನವಿಡೀ ಮಿಲಿಗ್ರಾಮಿನಲ್ಲಿ ಬದುಕುವವರು. ಮನೆಗೆ ಬಂದ ಮೇಲೆ ಸಾರಿಗೆ ಉಪ್ಪು ಹಾಕುವಾಗ ಮಾತ್ರ ಆ ಶಾಸ್ತ್ರವೆಲ್ಲ ಮರೆತುಹೋಗಿ, ಫೋನಿನಲ್ಲಿ ಮಾತಾಡುತ್ತ ಮುಷ್ಟಿಯಿಂದ ಸುರಿಯುತ್ತಾರೆ. ಕಾಫಿಗೆ ಆ ರಿಯಾಯಿತಿ ಇಲ್ಲ. ಒಂದು ಕಪ್ಪಿಗೆ ಹದಿನೆಂಟು ಗ್ರಾಂ ಬೀಜ. ಹದಿನೆಂಟು ಅಂದರೆ ಹದಿನೆಂಟೇ. ತಕ್ಕಡಿಯಲ್ಲಿ ದಶಮಾಂಶ ಎರಡು ಹೆಚ್ಚು ತೋರಿಸಿದರೆ ಚಿಮಟಿಗೆ ತಂದು ಒಂದು ಬೀಜ ಎತ್ತಿ ಪಕ್ಕಕ್ಕಿಡುತ್ತಾರೆ. ಆ ಒಂಟಿ ಬೀಜಗಳಿಗೆ ಬೇರೆ ಡಬ್ಬಿ ಇದೆ.

ಈ ಹುಚ್ಚು ಹತ್ತಿದ್ದರಲ್ಲಿ ನನ್ನ ಪಾಲೂ ಇದೆ ಎಂದು ಒಪ್ಪಿಕೊಳ್ಳಬೇಕು. ನಾನು ಎಂ.ಎಸ್. ಮಾಡಲು ಆಸ್ಟಿನ್‌ಗೆ ಬಂದಾಗ ನನ್ನನ್ನು ಬಿಟ್ಟುಹೋಗಲು ಅಣ್ಣ, ವೈನಿ ಇಬ್ಬರೂ ಬಂದಿದ್ದರು. ಹಾಸಿಗೆ, ಬಕೆಟ್ಟು, ಕುಕ್ಕರು ಎಲ್ಲ ನನ್ನ ರೂಮಿಗೆ ಹೊತ್ತು ಹಾಕಿದ ಮೇಲೆ ಬಿಸಿಲಿಗೆ ಸುಸ್ತಾಗಿ ಹತ್ತಿರದ ಒಂದು ಸಣ್ಣ ಕಾಫಿ ಅಂಗಡಿಗೆ ಹೋದೆವು. ಅಲ್ಲಿ ಚಹಾ ಇರಲಿಲ್ಲ. ವೈನಿ ಬೇರೆ ದಾರಿಯಿಲ್ಲದೆ, ಪಟ್ಟಿಯಲ್ಲಿ ಮೊದಲು ಬರೆದದ್ದನ್ನು ಕೇಳಿದರು. ಅದು ಎಸ್ಪ್ರೆಸೊ. ನಮ್ಮ ದೇವರ ಮನೆಯ ಪಂಚಾಮೃತದ ಬಟ್ಟಲಿಗಿಂತ ಸ್ವಲ್ಪ ದೊಡ್ಡ ಕಪ್ಪಿನಲ್ಲಿ ತಳಕ್ಕಷ್ಟೇ ಬಂತು. ವೈನಿ ಕುಡಿದರು. ಆಮೇಲೆ ಹತ್ತು ನಿಮಿಷ ಮಾತಾಡಲಿಲ್ಲ. ಅಣ್ಣ ಮಾತಾಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ವೈನಿ ಮಾತಾಡದಿದ್ದರೆ ಆಂಬುಲೆನ್ಸಿಗೆ ಫೋನ್ ಮಾಡಬೇಕು. ಅಣ್ಣ ಗಾಬರಿಯಿಂದ "ಏನಾತು?" ಎಂದ.

"ಹುಟ್ಟಿದಾಗಿಂದ ನಾ ಕಾಫಿ ಅಂತ ಏನ ಕುಡದೀನಲ್ಲ," ವೈನಿ ಹೇಳಿದರು, "ಅದು ಕಾಫಿ ಅಲ್ಲ."

ಹುಬ್ಬಳ್ಳಿಯಲ್ಲಿ ಅವರು ಕುಡಿದ ಕಾಫಿ ಎಷ್ಟು ಎಂದು ಕೇಳಬೇಡಿ. ಅವರ ತವರಿನಲ್ಲಿ ಕಾಫಿ ಮಾಡುತ್ತಿದ್ದುದು ಮೈಸೂರಿನ ಬೀಗರು ಬಂದಾಗ ಮಾತ್ರ, ಅದೂ ಚಹಾದ ಪಾತ್ರೆಯಲ್ಲಿ.

ಅಲ್ಲಿಂದ ಏಳು ತಿಂಗಳು ವೈನಿ ಕಾಫಿಯ ಬಗ್ಗೆ ಓದಿದರು. ಫಾರ್ಮಸಿ ಪರೀಕ್ಷೆಗೂ ಅಷ್ಟು ಓದಿರಲಿಲ್ಲ ಎಂದು ಅವರೇ ಹೇಳುತ್ತಾರೆ. ಆಮೇಲೆ ಒಂದು ದಿನ ಮನೆಯ ಮುಂದೆ ಲಾರಿ ಬಂದು ನಿಂತು, ಮರದ ಚೌಕಟ್ಟಿನಲ್ಲಿ ಕಟ್ಟಿದ ಇಟಲಿಯ ಯಂತ್ರವೊಂದನ್ನು ಇಳಿಸಿತು. ಥಳಥಳ ಹೊಳೆಯುವ ಉಕ್ಕು, ಒಳಗೆ ಎರಡು ಬಾಯ್ಲರು, ಮುಂದೆ ಒತ್ತಡ ತೋರಿಸುವ ಗಡಿಯಾರದಂಥ ಎರಡು ಮುಳ್ಳು, ಮೂವತ್ತು ಕಿಲೋ ತೂಕ. ಅಣ್ಣ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದ:

"ಇದು ಏನ ಮಾಡ್ತದ?"

"ಕಾಫಿ."

"ಮತ್ತ?"

"ಕಾಫಿ."

ಬೆಲೆ ಎಷ್ಟೆಂದು ನಾನಿಲ್ಲಿ ಬರೆಯುವುದಿಲ್ಲ. ಅಣ್ಣನಿಗೆ ಇನ್ನೂ ಗೊತ್ತಿಲ್ಲ, ಮತ್ತು ಅವನಿಗೆ ಕನ್ನಡ ಓದುವ ಅಭ್ಯಾಸ ಇದೆ.

ಯಂತ್ರ ಬಂದ ಮೇಲೆ ಮೊದಲ ಸಮಸ್ಯೆ ನೀರಿನದು. ಅಲ್ಲಿಯ ನಳದ ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ, ಬಾಯ್ಲರಿನ ಒಳಗೆ ಪದರ ಕಟ್ಟುತ್ತದೆ ಎಂದು ವೈನಿ ಕಂಡುಹಿಡಿದರು. ಹಾಗಾಗಿ ಭಟ್ಟಿ ಇಳಿಸಿದ ನೀರು ತಂದು, ಅದಕ್ಕೆ ಎರಡು ತರಹದ ಲವಣವನ್ನು ಮಕ್ಕಳಿಗೆ ಔಷಧಿ ಹಾಕುವ ಹನಿಗೊಳವೆಯಿಂದ ಎಣಿಸಿ ಹಾಕಿ, ಒಂದು ಗಾಜಿನ ಹೂಜಿಯಲ್ಲಿ ತುಂಬಿಡತೊಡಗಿದರು. ಆ ವರ್ಷ ಹುಬ್ಬಳ್ಳಿಯಿಂದ ನಮ್ಮ ಅವ್ವ ಬಂದಿದ್ದಳು. ಬಿಸಿಲಲ್ಲಿ ವಾಕಿಂಗ್ ಮುಗಿಸಿ ಬಂದವಳು ಆ ಹೂಜಿಯಿಂದ ಒಂದು ಲೋಟ ಬಗ್ಗಿಸಿಕೊಂಡು ಗಟಗಟ ಕುಡಿದಳು. ವೈನಿ ಓಡಿ ಬಂದರು.

"ಅತ್ತಿ, ಅದು ಮಶೀನಿನ ನೀರು."

"ಮತ್ತ ಮನಷ್ಯಾರ ನೀರು ಯಾವುದವಾ?"

"ನಳದ್ದು ಕುಡೀರಿ. ನಿಮಗ ಏನೂ ಆಗೂದಿಲ್ಲ."

ಅವ್ವ ಸಿಟ್ಟಾಗಲಿಲ್ಲ. ಊರಿಗೆ ಫೋನ್ ಮಾಡಿ ಎಲ್ಲರಿಗೂ ಹೇಳಿದಳು, ಅಷ್ಟೆ. ಮರುದಿನ ತಾನು ಕಾಶಿಯಿಂದ ತಂದು ಜೋಪಾನ ಮಾಡಿದ್ದ ಗಂಗಾಜಲದ ಗಿಂಡಿಯನ್ನು ದೇವರ ಮುಂದೆ ಇಟ್ಟಳು. ವೈನಿಗೆ ತಡೆಯಲಾಗಲಿಲ್ಲ. ಅದರಿಂದ ಒಂದು ಚಮಚ ತೆಗೆದುಕೊಂಡು ನೀರು ಅಳೆಯುವ ಕಡ್ಡಿ ಅದ್ದಿ ನೋಡಿ, "ಅತ್ತಿ, ಇದರಿಂದನೂ ಸುಣ್ಣ ಕಟ್ತದ ನೋಡ್ರಿ," ಎಂದರು. ಅವ್ವ ಗಿಂಡಿಯನ್ನು ತಿರುಗಿ ತೆಗೆದುಕೊಂಡು ಶಾಂತವಾಗಿ ಹೇಳಿದಳು: "ಅದು ಪಾಪ ತೊಳೀಲಿಕ್ಕೆ ಬರ್ತದವಾ. ಮಶೀನ್ ತೊಳೀಲಿಕ್ಕೆ ಯಾರೂ ತಂದಿಲ್ಲ."

ಎರಡನೆಯದು ಬೀಜದ ಸಮಸ್ಯೆ. ಹುರಿದ ಕಾಫಿಬೀಜ ಎರಡು ಮೂರು ವಾರದಲ್ಲಿ ಹಳತಾಗುತ್ತದೆ. ಹದಿನೆಂಟು ಗ್ರಾಮಿನಂತೆ ಸಣ್ಣ ಡಬ್ಬಿಗಳಲ್ಲಿ ತುಂಬಿ ಫ್ರೀಜರಿನಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲವಂತೆ. ಔಷಧಿ ಅಂಗಡಿಯವರ ಮನೆಯಲ್ಲಿ ಸಣ್ಣ ಡಬ್ಬಿಗೆ ಬರವೇ? ಗುಳಿಗೆ ತುಂಬಿಕೊಡುವ ಕಿತ್ತಳೆ ಬಣ್ಣದ ಡಬ್ಬಿಗಳು ಬಂದವು. ಅವುಗಳ ಮೇಲೆ ಅಂಗಡಿಯ ಯಂತ್ರದಲ್ಲೇ ಮುದ್ರಿಸಿದ ಚೀಟಿ. ಬೀಜದ ಹೆಸರು, ತಾರೀಖು, ಕೆಳಗೆ ರೂಢಿಬಲದಿಂದ "ಬೆಳಿಗ್ಗೆ ಒಂದು, ಖಾಲಿ ಹೊಟ್ಟೆಯಲ್ಲಿ ಬೇಡ."

ಆ ಯುಗಾದಿಗೆ ವೈನಿ ಪರಿಚಯದ ಕನ್ನಡದವರನ್ನೆಲ್ಲ ಊಟಕ್ಕೆ ಕರೆದಿದ್ದರು. ಫ್ರಿಸ್ಕೋದಿಂದ ಬಂದ ಒಬ್ಬ ಆಂಟಿ, ಮೈಸೂರಿನವರು, ತುಂಬ ಅಂತಃಕರಣದ ಹೆಂಗಸು, ತಾವು ತಂದ ಐಸ್‌ಕ್ರೀಮನ್ನು ಇಡಲು ಫ್ರೀಜರ್ ತೆರೆದರು. ಒಳಗೆ ಅರವತ್ತಕ್ಕೂ ಹೆಚ್ಚು ಗುಳಿಗೆ ಡಬ್ಬಿ. ಆಂಟಿ ಸದ್ದಿಲ್ಲದೆ ಬಾಗಿಲು ಹಾಕಿದರು. ಊಟ ಮಾಡುವಾಗ ಅಣ್ಣನನ್ನೇ ನೋಡುತ್ತಿದ್ದರು. ಅಣ್ಣ ಎಂದಿನಂತೆ ಮಾತಿಲ್ಲದೆ ತಲೆ ತಗ್ಗಿಸಿ ಊಟ ಮಾಡಿದ. ಅಷ್ಟು ಸಾಕಾಯಿತು.

ಮಂಗಳವಾರದಿಂದ ಮನೆಗೆ ಊಟದ ಡಬ್ಬಿಗಳು ಬರತೊಡಗಿದವು. ಒಬ್ಬರು ಬಿಸಿಬೇಳೆಬಾತ್, ಒಬ್ಬರು ಮೆಂತ್ಯದ ದೋಸೆ ಹಿಟ್ಟು, ಒಬ್ಬರು ಹುಳಿ. ಸೌತ್‌ಲೇಕ್‌ನ ದಂಪತಿ ಮೃತ್ಯುಂಜಯ ಜಪ ಮಾಡಿಸುವ ಆಚಾರ್ಯರ ನಂಬರು ಕಳಿಸಿದರು. ಶನಿವಾರ ಅಣ್ಣ ಮನೆಯ ಮುಂದಿನ ಹುಲ್ಲು ಕತ್ತರಿಸುತ್ತಿದ್ದಾಗ ಆ ಆಂಟಿಯೇ ಕಾರಿನಿಂದ ಇಳಿದು ಬಂದು, "ಯಾಕ್ರೀ ಇದೆಲ್ಲ ಮಾಡ್ತೀರಾ? ಸ್ವಲ್ಪ ರೆಸ್ಟ್ ತಗೊಳ್ಳಿ. ನಿಮ್ ಧೈರ್ಯ ಮೆಚ್ಚಬೇಕು," ಎಂದರು. ಹುಲ್ಲು ಕತ್ತರಿಸಲು ಅಷ್ಟು ಧೈರ್ಯ ಬೇಕೆಂದು ಅಣ್ಣನಿಗೆ ಅದುವರೆಗೆ ಗೊತ್ತಿರಲಿಲ್ಲ. ಕೊನೆಗೆ ಮಗಳು ಗೆಳತಿಯರಿಂದ ಸುದ್ದಿ ತಂದಳು. "ಡ್ಯಾಡ್, ಎವ್ರಿಬಡಿ ಥಿಂಕ್ಸ್ ಯು ಆರ್ ಡೈಯಿಂಗ್."

ಅಣ್ಣ ಸ್ವಲ್ಪ ಹೊತ್ತು ಯೋಚಿಸಿ, "ಆ ಹುಳಿ ಯಾರು ಮಾಡಿದ್ದರು? ಛಲೋ ಇತ್ತು," ಎಂದ.

ಮೂರನೆಯ ಕಷ್ಟ ಆಕಾಶದಿಂದ ಬಂತು. ಟೆಕ್ಸಸ್ಸಿನಲ್ಲಿ ಹಿಮ ಬಿದ್ದು ದಿನಗಟ್ಟಲೆ ಕರೆಂಟು ಹೋದ ಆ ಫೆಬ್ರುವರಿ ಇಲ್ಲಿದ್ದವರಿಗೆಲ್ಲ ನೆನಪಿರುತ್ತದೆ. ನಾನು ಎರಡು ದಿನಕ್ಕೆಂದು ಕಾಪೆಲ್‌ಗೆ ಹೋದವನು ಅಲ್ಲೇ ಸಿಕ್ಕಿಬಿದ್ದೆ. ಮನೆಯೊಳಗೇ ಬಾಯಿಂದ ಹಬೆ ಬರುತ್ತಿತ್ತು. ಗ್ಯಾಸಿನ ಅಗ್ಗಿಷ್ಟಿಕೆ ಒಂದೇ ನಮ್ಮ ಪಾಲಿನ ದೇವರು. ನಾಲ್ವರೂ ಅದರ ಮುಂದೆ ಹಾಸಿಗೆ ಹಾಸಿಕೊಂಡು ಕೂತಿದ್ದೆವು. ವೈನಿ ಒಮ್ಮೆಲೇ ಎದ್ದು ನಿಂತರು. "ಬಾಯ್ಲರಿನ್ಯಾಗ ನೀರದ."

ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಬಾಯ್ಲರು ಒಡೆಯುತ್ತದೆ. ಕರೆಂಟಿಲ್ಲದೆ ಅದನ್ನು ಖಾಲಿ ಮಾಡುವಂತಿಲ್ಲ. ನಾನೂ ಅಣ್ಣನೂ ಮೂವತ್ತು ಕಿಲೋ ಹೊತ್ತು ತಂದು ಅಗ್ಗಿಷ್ಟಿಕೆಗೆ ಎಲ್ಲಕ್ಕಿಂತ ಹತ್ತಿರ, ಅಂದರೆ ಅಣ್ಣ ಕೂತಿದ್ದ ಜಾಗದಲ್ಲಿ ಇಟ್ಟೆವು. ವೈನಿ ಅದಕ್ಕೆ ಮನೆಯ ಒಂದೇ ಒಂದು ಗರಿಯ ರಜಾಯಿ ಸುತ್ತಿ, ಮೇಲೆ ತಮ್ಮ ಮದುವೆಯ ಶಾಲು ಹೊದಿಸಿದರು. ಎರಡು ದಿನ ಯಂತ್ರ ಶಾಲು ಹೊದ್ದು ಬೆಚ್ಚಗೆ ಕೂತಿತ್ತು. ಅಣ್ಣ ಹುಲ್ಲು ಕತ್ತರಿಸುವಾಗ ಹಾಕುವ ಜಾಕೀಟಿನಲ್ಲಿ ಹಿಂದೆ ಕೂತಿದ್ದ. ಎರಡನೆಯ ದಿನ ಮಧ್ಯಾಹ್ನ ಅವನು ಒಂದೇ ಒಂದು ಪ್ರಶ್ನೆ ಕೇಳಿದ: "ಮನಷ್ಯಾ ಹೆಪ್ಪುಗಟ್ಟಿದ್ರೂ ಹಿಗ್ಗತಾನೇನು?"

ಓದು ಮುಗಿದು ನನಗೆ ಹ್ಯೂಸ್ಟನ್‌ನಲ್ಲಿ ಕೆಲಸ ಸಿಕ್ಕಿತು. ಮಳೆನೀರು ಹರಿದುಹೋಗುವ ಕಾಲುವೆಗಳ ನಕ್ಷೆ ಮಾಡುವ ಕೆಲಸ. ಕೆಲವು ವರ್ಷಕ್ಕೆ ಅಲ್ಲೇ ಒಂದು ಸಣ್ಣ ಮನೆ ಕೊಂಡು ಗೃಹಪ್ರವೇಶ ಇಟ್ಟುಕೊಂಡೆ. ವೈನಿ ಫೋನಿನಲ್ಲಿ, "ಏನೂ ಚಿಂತಿ ಮಾಡಬ್ಯಾಡ, ಕಾಫಿ ನನಗ ಬಿಡು," ಎಂದರು. ನಾನು ನಿಜವಾಗಿ ಚಿಂತೆ ಮಾಡಬೇಕಾದದ್ದು ಆಗಲೇ. ಅವರು ಯಂತ್ರವನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಬಿಗಿದು, ಅಣ್ಣನನ್ನು ಹಿಂದೆ ಬೀಜ, ಹೂಜಿ, ಮಗಳ ಜೊತೆ ತುಂಬಿಕೊಂಡು ಹೊರಟರು. ನಾಲ್ಕು ತಾಸಿನ ದಾರಿಗೆ ಆರು ತಾಸು. ಹೆದ್ದಾರಿಯಲ್ಲಿ ಲಾರಿಗಳೆಲ್ಲ ಹಾರ್ನ್ ಮಾಡಿ ಮುಂದೆ ಹೋದವಂತೆ. ಒಂದು ಹಳೆಯ ಟ್ರ್ಯಾಕ್ಟರು ಕೂಡ ಹಿಂದೆ ಹಾಕಿತು ಎಂದು ಅಣ್ಣನ ಮಗಳು ಹೇಳುತ್ತಾಳೆ. ಅಷ್ಟು ಉತ್ಪ್ರೇಕ್ಷೆ ಅವಳಿಗೆ ವೈನಿಯಿಂದಲೇ ಬಂದದ್ದು.

ಆಗಸ್ಟಿನ ಹ್ಯೂಸ್ಟನ್. ಹೊರಗೆ ಗಾಳಿಯನ್ನು ಹಿಂಡಿದರೆ ನೀರು ಬರುವಂಥ ಸೆಕೆ. ಒಳಗೆ ಅರವತ್ತು ಜನ, ಹೋಮದ ಹೊಗೆ. ಅಡುಗೆಮನೆಯಲ್ಲಿ ಮೂರು ಎಲೆಕ್ಟ್ರಿಕ್ ಕುಕ್ಕರಿನಲ್ಲಿ ಅನ್ನ ಬೇಯುತ್ತಿತ್ತು. ಆಚಾರ್ಯರು ಪೂರ್ಣಾಹುತಿಗೆ ತುಪ್ಪ ಎತ್ತಿದರು, ವೈನಿ ಯಂತ್ರದ ಗುಂಡಿ ಒತ್ತಿದರು, ಅಡುಗೆಮನೆಯ ಕರೆಂಟು ಹೋಯಿತು. ನಾನು ಹೋಗಿ ಸ್ವಿಚ್ಚು ಎತ್ತಿ ಬಂದೆ. ಮತ್ತೆ ಹೋಯಿತು. ಮೂರನೆಯ ಸಲ ಗಡಿಬಿಡಿಯಲ್ಲಿ ತಡಕಾಡಿ ನಾನು ತಪ್ಪಿ ಎ.ಸಿ.ಯ ಸ್ವಿಚ್ಚನ್ನೇ ಇಳಿಸಿಬಿಟ್ಟೆ. ವೈನಿ ಅಡುಗೆಮನೆಯಿಂದ ಹೊರಗೆ ಬಂದು ಎಲ್ಲರನ್ನೂ ಉದ್ದೇಶಿಸಿ ಕೇಳಿದರು: "ಕುಕ್ಕರ್ ಯಾರು ಹಚ್ಚಿದ್ರಿ?"

"ವೈನಿ, ಅರವತ್ತು ಮಂದಿಗೆ ಅನ್ನ ಬ್ಯಾಡೇನ್ರಿ?" ಎಂದೆ.

"ಅನ್ನ ಎಲ್ಲಾರ ಮನ್ಯಾಗೂ ಇರ್ತದ."

ಅನ್ನ ನಿಂತಿತು, ಕಾಫಿ ನಡೆಯಿತು. ಊಟ ಆದಾಗ ಮೂರು ಗಂಟೆ. ಆದರೆ ಯಾರೂ ಬೇಸರಪಟ್ಟುಕೊಳ್ಳಲಿಲ್ಲ ಎನ್ನುವುದನ್ನೂ ಬರೆಯಬೇಕು. ಹಸಿದ ಅರವತ್ತು ಜನ ಸಣ್ಣ ಕಪ್ಪು ಹಿಡಿದು ವೈನಿಯ ಸುತ್ತ ನಿಂತು ನಗುತ್ತಿದ್ದರು. ಬೆವರು ಒರೆಸಿಕೊಳ್ಳುತ್ತ ಎರಡು ಕಪ್ ಕುಡಿದ ಆಚಾರ್ಯರು ಆಶೀರ್ವಾದ ಮಾಡುವಾಗ ಮನೆಯ ಯಜಮಾನನಾದ ನನ್ನ ಹೆಸರಿಗಿಂತ ಮೊದಲು ವೈನಿಯ ಹೆಸರು ಹೇಳಿದರು.

ಇಷ್ಟು ನಗುವ ಭಾಗ.

ಹೋದ ಚಳಿಗಾಲದ ಹಿಂದಿನ ಚಳಿಗಾಲದಲ್ಲಿ ವೈನಿಗೆ ಜ್ವರ ಬಂತು. ಮನೆಯಲ್ಲಿ ಎಲ್ಲರಿಗೂ ಬಂದು ಹೋದ ಜ್ವರವೇ. ವಾರದಲ್ಲಿ ಎದ್ದು ಅಂಗಡಿಗೆ ಹೋದರು. ಅದಾಗಿ ಮೂರು ವಾರಕ್ಕೆ ನಾನು ಕಾಪೆಲ್‌ಗೆ ಹೋದೆ. ವೈನಿ ನನಗೆ ಕಾಫಿ ಮಾಡಿದರು. ಮೊದಲ ಕಪ್ಪನ್ನೇ, ತಾವು ಒಂದು ಗುಟುಕೂ ಕುಡಿಯದೆ, ನನ್ನ ಕೈಗೆ ಕೊಟ್ಟರು. ಅಷ್ಟು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು. ಕುಡಿದು ನೋಡಿದೆ. ಹುಣಸೆಹಣ್ಣು ಕಿವುಚಿದ ನೀರಿನ ಹಾಗಿತ್ತು.

"ಛಲೋ ಅದರಿ ವೈನಿ."

"ಸುಳ್ಳು ಹೇಳಬ್ಯಾಡ. ಇಪ್ಪತ್ತೆಂಟು ಸೆಕೆಂಡಿಗೆ ಇಳೀಬೇಕಾದ ಕಾಫಿ ಹದಿನೈದಕ್ಕ ಇಳೀತು. ಅದು ಹುಳಿನ ಇರ್ತದ." ಕಪ್ಪನ್ನು ನನ್ನ ಕೈಯಿಂದ ತೆಗೆದುಕೊಂಡರು. "ವಾಸನಿ ಹೋಗೇದ ನನಗ. ಬುದ್ಧಿ ಹೋಗಿಲ್ಲ."

ಜ್ವರದ ಜೊತೆ ವಾಸನೆ ಪೂರ್ತಿ ಹೋಗಿತ್ತು, ರುಚಿಯೂ ಅದರ ಬೆನ್ನು ಹತ್ತಿತ್ತು. ಉಪ್ಪು, ಖಾರ, ಸಿಹಿ ಅಷ್ಟು ನಾಲಿಗೆಗೆ ಗೊತ್ತಾಗುತ್ತಿತ್ತು, ಉಳಿದದ್ದೆಲ್ಲ ರಟ್ಟು ಅಗಿದ ಹಾಗೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಒಗ್ಗರಣೆ ಹೊತ್ತಿದ್ದು, ಹಾಲು ಕೆಟ್ಟದ್ದು ಗೊತ್ತಾಗದೆ ಎರಡು ಸಲ ಬಡಿಸಿದ್ದರಂತೆ. ಅಣ್ಣ ಉಂಡಿದ್ದ, ಮಗಳು ಉಂಡಿದ್ದಳು, ಯಾರೂ ಏನೂ ಅಂದಿರಲಿಲ್ಲ. ಅವರ ಮೌನದಿಂದಲೇ ವೈನಿಗೆ ತಮ್ಮ ಅಡುಗೆ ಕೆಟ್ಟಿದೆ ಎಂದು ಗೊತ್ತಾಗುತ್ತಿತ್ತು.

ಸುಮ್ಮನೆ ಕೂರುವ ಜೀವ ಅಲ್ಲ ಅದು. ಅವತ್ತೇ ನನ್ನನ್ನು ಕೂರಿಸಿಕೊಂಡು, "ಇನ್ನ ಮ್ಯಾಲೆ ನನ್ನ ನಾಲಿಗಿ ನೀನ. ಎರಡು ವಾರಕ್ಕೊಮ್ಮೆ ಬಾ," ಎಂದರು. ನಾನು ಚಹಾದವನು, ಕಾಫಿಯ ಬಗ್ಗೆ ನನ್ನ ಹತ್ತಿರ ಇದ್ದದ್ದು ಎರಡೇ ಮಾತು, ಒಂದು ಛಲೋ ಅದ, ಇನ್ನೊಂದು ಕಹಿ ಅದ. ವೈನಿ ಮೇಜಿನ ಮೇಲೆ ನಿಂಬೆ, ಹುಣಸೆ, ಹುಳಿ ಮಜ್ಜಿಗೆ, ದಾಳಿಂಬೆ ಸಿಪ್ಪೆ, ಎರಡು ಥರದ ಬೆಲ್ಲ ಸಾಲಾಗಿ ಇಟ್ಟು ಪಾಠ ಸುರು ಮಾಡಿದರು.

"ಹುಳಿ ಅಂದಿ. ಯಾವ ಹುಳಿ? ನಿಂಬಿದೋ, ಮಜ್ಜಿಗಿದೋ?"

"ನಿಂಬಿ ಇರಬೇಕ್ರಿ."

"ಇರಬೇಕು ಅಂದ್ರ ನಡಿಯೂದಿಲ್ಲ. ನೀ ಕಾಲವಿ ನಕ್ಷಾ ಮಾಡಾಗ ನೀರು ಈ ಕಡೆ ಹರೀತಿರಬೇಕು ಅಂತ ಬರೀತಿಯೇನು?"

ಆ ಚಳಿಗಾಲವೆಲ್ಲ ನಾನು ಹ್ಯೂಸ್ಟನ್‌ನಿಂದ ಕಾಪೆಲ್‌ಗೆ ಹೋಗಿ ಬಂದೆ. ಕಾಫಿ ಕುಡಿದು, ಕಣ್ಣು ಮುಚ್ಚಿ, ನನಗೆ ಅನ್ನಿಸಿದ್ದನ್ನು ಹೇಳಬೇಕು. ನನಗೆ ಅಂಗಡಿಯ ಪೊಟ್ಟಣದ ಮೇಲೆ ಬರೆದಿರುವ ಹಣ್ಣು ಹೂವುಗಳ ಹೆಸರು ಬರುತ್ತಿರಲಿಲ್ಲ, ಊರಿನದೇ ಬರುತ್ತಿತ್ತು. ಆಲೆಮನೆಯಲ್ಲಿ ಕೊಪ್ಪರಿಗೆಯ ತಳಕ್ಕೆ ಹತ್ತಿದ ಬೆಲ್ಲ ಕೆರೆದು ತಿಂದ ಹಾಗೆ ಅದ ವೈನಿ. ಹುರಿದ ಶೇಂಗಾದ ಸಿಪ್ಪೆ ಊದಿದಾಗ ಬರ್ತದಲ್ಲ, ಅದು. ಇದು ಎರೆ ಹೊಲದ ಮೇಲೆ ಮೊದಲ ಮಳೆ ಬಿದ್ದ ಮರುದಿನ. ವೈನಿ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಒಮ್ಮೊಮ್ಮೆ ಬರೆಯುವುದನ್ನು ನಿಲ್ಲಿಸಿ, "ಇನ್ನೊಮ್ಮೆ ಹೇಳು," ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಅವರು ಬರೆದುಕೊಳ್ಳುತ್ತಿರಲಿಲ್ಲ, ಕೇಳುತ್ತಿದ್ದರು ಅಷ್ಟೆ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಬೇಸಗೆ ಕಳೆದ ಮೇಲೆ ವಾಸನೆ ಮರಳಿ ಬರತೊಡಗಿತು, ಆದರೆ ಅಡ್ಡಾದಿಡ್ಡಿಯಾಗಿ ಬಂತು. ಈರುಳ್ಳಿ ಕೊಳೆತ ಚರಂಡಿಯ ಹಾಗೆ, ಬೆಳ್ಳುಳ್ಳಿ ಇನ್ನೇನೋ ಆಗಿ. ಎಲ್ಲಕ್ಕಿಂತ ಕೆಟ್ಟದ್ದು ಕಾಫಿ. ಒಂದು ಬೆಳಿಗ್ಗೆ ಬೀಜ ಪುಡಿ ಮಾಡುತ್ತಿದ್ದವರು ಹಾಗೆಯೇ ಬಿಟ್ಟು ಬಾತ್‌ರೂಮಿಗೆ ಓಡಿ ವಾಂತಿ ಮಾಡಿಕೊಂಡರು. ಸುಟ್ಟ ರಬ್ಬರಿನ ವಾಸನೆಯಂತೆ. ಡಾಕ್ಟರು ಇದು ಗುಣವಾಗುವ ಲಕ್ಷಣವೇ ಎಂದರು. ಎಷ್ಟು ದಿನ ಎಂದು ಕೇಳಿದರೆ ಕೆಲವರಿಗೆ ತಿಂಗಳು, ಕೆಲವರಿಗೆ ವರ್ಷ, ಕೆಲವರಿಗೆ ಹೇಳಲಾಗುವುದಿಲ್ಲ ಎಂದರು.

ವೈನಿ ಆಗಲೂ ಬಿಡಲಿಲ್ಲ. ನಾನು ಮುಂದಿನ ಸಲ ಹೋದಾಗ ಮಗಳು ಈಜುವಾಗ ಮೂಗಿಗೆ ಹಾಕಿಕೊಳ್ಳುವ ಕ್ಲಿಪ್ಪನ್ನು ಹಾಕಿಕೊಂಡು ನನಗೆ ಕಾಫಿ ಮಾಡಲು ನಿಂತರು. ಮಾತಾಡಿದರೆ ಮೂಗಿನಿಂದ ತುತ್ತೂರಿಯ ಸ್ವರ. ನನಗೂ ಮಗಳಿಗೂ ನಗು ತಡೆಯಲಾಗಲಿಲ್ಲ, ವೈನಿಯೂ ನಕ್ಕರು. ನಗುವಾಗ ಕ್ಲಿಪ್ಪು ಸಡಿಲಾಯಿತು. ಅವರ ಮುಖ ಬಿಳಿಚಿಕೊಂಡಿತು. ಕೈಯಲ್ಲಿದ್ದುದನ್ನು ಕಟ್ಟೆಯ ಮೇಲಿಟ್ಟು, "ಸಾಕು," ಎಂದರು. ಸ್ವಲ್ಪ ಹೊತ್ತಾದ ಮೇಲೆ ಅಣ್ಣನನ್ನು ಕರೆದು, "ರೀ, ಇದನ್ನ ಗ್ಯಾರೇಜಿಗೆ ಇಡ್ರಿ. ನೋಡಿದ್ರೂ ವಾಸನಿ ಬಂದಂಗ ಆಗ್ತದ," ಎಂದರು.

ನಾನೂ ಅಣ್ಣನೂ ಎತ್ತಿ ಇಟ್ಟೆವು. ಖಾಲಿಯಾದ ಜಾಗದಲ್ಲಿ ವೈನಿ ಹಣ್ಣಿನ ಬುಟ್ಟಿ ಇಟ್ಟರು. ಬುಟ್ಟಿ ಆ ಜಾಗಕ್ಕೆ ತೀರ ಸಣ್ಣದಾಯಿತು.

ಓದುವವರು ಗಾಬರಿಯಾಗುವುದು ಬೇಡವೆಂದು ಕೊನೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ವೈನಿಯ ಮೂಗು ಈಗ ಮುಕ್ಕಾಲು ಪಾಲು ಸರಿಯಾಗಿದೆ. ಈರುಳ್ಳಿ ಈರುಳ್ಳಿಯಾಗಿದೆ. ಈ ವರ್ಷದ ಮೇ ತಿಂಗಳಲ್ಲಿ ಯಂತ್ರ ಅಡುಗೆಮನೆಗೆ ಮರಳಿತು. ಕೆಲವು ದಿನ ಕಾಫಿ ಕಾಫಿಯ ಹಾಗೆ ಇರುತ್ತದೆ, ಕೆಲವು ದಿನ ಇರುವುದಿಲ್ಲ, ಇಲ್ಲದ ದಿನ ಅವರು ಚಹಾ ಕುಡಿಯುತ್ತಾರೆ. ನಾನು ಹೇಳಬೇಕೆಂದಿರುವುದು ಅದಕ್ಕಿಂತ ಮೊದಲಿನದು, ಯಂತ್ರ ಗ್ಯಾರೇಜಿನಲ್ಲಿದ್ದಾಗಿನ ಜನವರಿಯದು.

ಆ ಸಲ ಹೋದಾಗ ನನಗೆ ಗ್ಯಾರೇಜಿನ ಪಕ್ಕದ ಕೋಣೆಯಲ್ಲಿ ಹಾಸಿಗೆ ಹಾಕಿದ್ದರು. ಬೆಳಗಿನ ಐದೂವರೆಗೆ ಗೋಡೆಯ ಆಚೆಯಿಂದ ಗುಂಯ್ ಎಂಬ ಸದ್ದು ಕೇಳಿ ಎಚ್ಚರಾಯಿತು. ಎದ್ದು ಹೋಗಿ ಬಾಗಿಲು ತೆರೆಯಲು ನೋಡಿದರೆ ಸದ್ದು, ವಾಸನೆ ಹೊರಗೆ ಬರದಂತೆ ಕೆಳಗಿನ ಸಂದಿಗೆ ಒಳಗಿನಿಂದ ಒದ್ದೆ ಟವೆಲ್ ಒತ್ತಿ ಇಟ್ಟಿತ್ತು. ದೂಡಿ ಒಳಗೆ ಹೋದೆ. ಕಾರುಗಳ ನಡುವೆ, ಮಂಕಿ ಕ್ಯಾಪು ಹಾಕಿಕೊಂಡು, ಅಣ್ಣ ಯಂತ್ರದ ಮುಂದೆ ನಿಂತಿದ್ದ. ಪಕ್ಕದಲ್ಲಿ ವೈನಿಯ ನೋಟ್‌ಬುಕ್ಕು ತೆರೆದಿತ್ತು. ಒಂದು ಗೆರೆಯ ಮೇಲೆ ಬೆರಳಿಟ್ಟು ಓದಿ, ಗುಂಡಿ ಒತ್ತಿ, ಬಿಸಿನೀರು ಹರಿಸಿ, ನಿಲ್ಲಿಸಿ, ಸಣ್ಣ ಬ್ರಶ್ಶಿನಿಂದ ಉಜ್ಜಿ, ಮತ್ತೆ ಬೆರಳು ಕೆಳಗಿನ ಗೆರೆಗೆ. ಕಾಫಿಯ ಒಂದು ಕಣವೂ ಅಲ್ಲಿರಲಿಲ್ಲ. ಬರೀ ನೀರು.

ನನ್ನನ್ನು ನೋಡಿ ಬೆಚ್ಚಿದ. "ಬಾಗಲಾ ಹಾಕು," ಎಂದ.

"ಏನಿದು ಅಣ್ಣಾ?"

"ಬಳಸದ ಬಿಟ್ರ ಒಳಗಿನ ರಬ್ಬರ್ ಒಣಗ್ತಾವಂತ. ಆಕಿನ ಬರದಾಳ."

"ಎಷ್ಟ ದಿನದಿಂದ ಮಾಡ್ಲಿಕ್ಕೆ ಹತ್ತೀದಿ?"

"ಇಟ್ಟ ಮರುದಿನದಿಂದ." ಬಟ್ಟೆಯಿಂದ ಉಕ್ಕನ್ನು ಒರೆಸಿದ. ಅಣ್ಣ ಯಂತ್ರವನ್ನು ಮುಟ್ಟಿದ್ದನ್ನು, ಎತ್ತಿ ಇಳಿಸುವಾಗ ಬಿಟ್ಟರೆ, ನಾನು ನೋಡಿರಲೇ ಇಲ್ಲ. "ಆಕೀ ಮೂಗು ಸರಿ ಆದ ದಿನ ಇದು ಕೆಟ್ಟು ನಿಂತಿರಬಾರದು. ನೀ ಹೇಳಬ್ಯಾಡ ಆಕಿಗೆ. ನೆನಪಾತಂದ್ರ ಅಳ್ತಾಳ."

ಅದು ಅವನ ಆ ದಿನದ ಹದಿನಾಲ್ಕು ಮಾತಿಗಿಂತ ಹೆಚ್ಚಾಯಿತು. ಮುಂದೆ ಸಂಜೆಯತನಕ ಸುಮ್ಮನಿದ್ದ.

ನಾನು ಹೇಳಬಾರದೆಂದೇ ಇದ್ದೆ. ಮರುದಿನ ಭಾನುವಾರ. ಅಣ್ಣ ತರಕಾರಿಗೆ ಹೋಗಿದ್ದ. ವೈನಿ ಕೊತ್ತಂಬರಿ ಸೋಸುತ್ತ ಕೂತಿದ್ದರು. ಅದರ ವಾಸನೆ ಆಗ ಅವರಿಗೆ ಸಾಬೂನಿನ ಹಾಗೆ ಬರುತ್ತಿತ್ತಂತೆ, ಆದರೂ ಎರಡು ಮೂರು ಸಲ ಮೂಸಿ ನೋಡಿದರು. ತಲೆ ಎತ್ತದೆ ಕೇಳಿದರು:

"ನಿನ್ನಿ ಮುಂಜಾನೆ ಗ್ಯಾರೇಜಿಗೆ ಹೋಗಿದ್ದಿ ಏನು?"

ನಾನು ಒಂದು ಕಟ್ಟು ಕೊತ್ತಂಬರಿ ಎಳೆದುಕೊಂಡು ಸೋಸತೊಡಗಿದೆ.

"ನನಗೇನು ಕಿವಿ ಹೋಗ್ಯಾವೇನೋ? ನಾಲ್ಕು ತಿಂಗಳಾತು, ದಿನಾ ಕೇಳಿಸ್ತದ."

"ಮತ್ತ ಅಣ್ಣಗ ಹೇಳೇ ಇಲ್ಲಲ್ರಿ?"

"ಹೇಳಿದ್ರ ನಾಚಿಕೊಂಡು ಬಿಟ್ಟುಬಿಡ್ತಾರ." ಕೊತ್ತಂಬರಿಯ ಬೇರುಗಳನ್ನು ಒಂದು ಕಡೆ ಜೋಡಿಸಿದರು. "ಎಲ್ಲಾ ಮುಗಿಸಿ ತಿರಿಗಿ ಬಂದು ಸಪ್ಪಳ ಆಗದಂಗ ಮಲಕೋತಾರ. ಆ ಚಳಿಯೊಳಗ ನಿಂತು ನಿಂತು ಕೈ ಮಂಜಿನಂಗ ಆಗಿರ್ತಾವ. ನಾ ನಿದ್ದಿಗಣ್ಣಾಗ ಹೊರಳಿದಂಗ ಮಾಡಿ ಅವರ ಕೈ ನನ್ನ ರಜಾಯಿ ಒಳಗ ಎಳಕೋತೀನಿ. ಅವರಿಗೆ ಗೊತ್ತಿಲ್ಲ, ನಾ ಎಚ್ಚರ ಇರ್ತೀನಿ ಅಂತ."